ಬಾಯಿ ತೆರೆದಿಲ್ಲ ಎಂಬ ಮಾತು

‘ಬಾಯಿ ಇನ್ನೂ ತೆರೆದಿಲ್ಲ.’

ಹೆರಿಗೆ ಕೋಣೆಯ ಬಾಗಿಲನ್ನು ಅರ್ಧ ಸರಿಸಿ, ತಲೆಯಷ್ಟೇ ಹೊರಗೆ ಹಾಕಿ ಸಿಸ್ಟರು ಹೇಳುವ ಈ ಮೂರು ಶಬ್ದಗಳನ್ನು ಕೇಳದ ಹೆಂಗಸು ನಮ್ಮಲ್ಲಿ ಯಾರಿದ್ದಾರೆ? ಒಳಗೆ ಮಲಗಿದ್ದಾಗ ಕೇಳಿರುತ್ತೇವೆ, ಇಲ್ಲವೆ ಹೊರಗೆ ಬೆಂಚಿನ ಮೇಲೆ ಥರ್ಮಾಸು, ಹಳೇ ಸೀರೆಯ ಗಂಟು ಹಿಡಿದು ಕೂತಾಗ ಕೇಳಿರುತ್ತೇವೆ. ಕೇಳಿದ ಕೂಡಲೇ ಹೊರಗಿದ್ದವರ ಮುಖ ಇಳಿಯುತ್ತದೆ. ಇಷ್ಟು ಹೊತ್ತು ತಿಂದ ನೋವೆಲ್ಲ ದಂಡವಾಯಿತು, ಏನೂ ಆಗಿಲ್ಲ ಎಂದೇ ನಾವು ಅದಕ್ಕೆ ಅರ್ಥ ಮಾಡಿಕೊಳ್ಳುತ್ತೇವೆ. ಇಪ್ಪತ್ತೆಂಟು ವರ್ಷದಿಂದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿರುವವಳು ನಾನು. ವ್ಯಾಕರಣಕ್ಕೆ ಸರಿಯಿರುವ ವಾಕ್ಯ ಅರ್ಥದಲ್ಲಿ ಸುಳ್ಳಾಗಬಹುದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಈ ಮಾತಿನ ಮೇಲೆ ನನಗೆ ಸಿಟ್ಟಿದೆ. ಯಾಕೆಂದು ಹೇಳುತ್ತೇನೆ.

ನನ್ನ ತವರು ಕಮಲಾಪುರ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಒಂದು ಗಂಟೆಯೊಳಗಿನ ದಾರಿ. ನನ್ನ ತಮ್ಮನ ಸಂಸಾರ ಅಲ್ಲೇ ಇದೆ. ಅವನ ಮಗಳು 2019ರ ಬೇಸಿಗೆಯಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ರಾತ್ರಿ ಹನ್ನೊಂದಕ್ಕೆ ಫೋನು. “ಅತ್ತಿ, ಬ್ಯಾನಿ ಸುರು ಆಗ್ಯಾವ. ಅಪ್ಪ ಗಾಡಿ ತರ್ಸ್ಯಾನ. ನೀ ದವಾಖಾನಿಗೇ ಬಾ.” ಅರ್ಧ ರಾತ್ರಿಗೆ ಕಲಬುರಗಿಯ ಒಂದು ದವಾಖಾನೆ ಸೇರಿದರು. ನಾನೂ ಹೋದೆ. ಒಳಗಿನಿಂದ ಮಾತು ಬಂತು: ಎರಡು ಸೆಂಟಿಮೀಟರ್, ಬಾಯಿ ಇನ್ನೂ ತೆರೆದಿಲ್ಲ. ಎರಡು ತಾಸು ಬಿಟ್ಟು ಅದೇ ಮಾತು. ತಮ್ಮ ವರಾಂಡದಲ್ಲಿ ಅತ್ತಿಂದಿತ್ತ ತಿರುಗತೊಡಗಿದ. ಬೀಗತಿ ಫೋನಿನಲ್ಲಿ, “ಇನ್ನಾ ಆಗಿಲ್ಲೇನು?” ಎಂದು ಮೂರು ಸಲ ಕೇಳಿದರು. ಆಗ ಡಾಕ್ಟರ ಎದುರು ಕೈಮುಗಿದು “ಏನರ ಮಾಡ್ರಿ ಡಾಕ್ಟರ್” ಎಂದವರು ಯಾರು ಗೊತ್ತೇ? ನಾನು! ಓದಿದವಳು, ಅಕ್ಕೋರು!

ಏನಾದರೂ ಮಾಡಿದರು. ಸಲೈನಿನಲ್ಲಿ ಬ್ಯಾನಿಯ ಔಷಧಿ ಬಿಟ್ಟರು. ಹುಡುಗಿಯ ಚೀರಾಟ ಬೀದಿಗೆ ಕೇಳುವಂತಾಯಿತು. ಬೆಳಿಗ್ಗೆ ಆರಕ್ಕೆ ಮೂರು ಸೆಂಟಿಮೀಟರ್. “ಪ್ರೋಗ್ರೆಸ್ ಇಲ್ಲ” ಎಂದರು. ಒಂಬತ್ತಕ್ಕೆ ಆಪರೇಷನ್. ಕೂಸು ಚೆನ್ನಾಗಿತ್ತು, ತಾಯಿಯೂ ಉಳಿದಳು. ಎಲ್ಲರೂ ಪೇಢೆ ತಿಂದೆವು.

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ತಿಂಗಳ ಮೇಲೆ ನೋಡಲು ಹೋದಾಗ ಕೂಸಿಗೆ ಹಾಲು ಕುಡಿಸುತ್ತ ಆ ಹುಡುಗಿ ಕೇಳಿದಳು: “ಅತ್ತಿ, ಎಲ್ಲಾರಿಗೂ ತೆರಿತದ, ನಂದ್ಯಾಕ ತೆರೀಲಿಲ್ಲ? ನನ್ನಾಗ ಏನರ ಕೊರತಿ ಅದೇನು?” ಅತ್ತೆಯ ಮನೆಯಲ್ಲಿ ಆಗಲೇ ಆ ಮಾತು ಆಡಿದ್ದರಂತೆ. ಬಾಯಿ ತೆರೆಯದ ಸೊಸೆ! ಮುಂದೆ 2022ರಲ್ಲಿ ಎರಡನೆಯದಕ್ಕೂ ಹೊಟ್ಟೆ ಕೊಯ್ದೇ ತೆಗೆದರು. ಮೊದಲ ಆಪರೇಷನ್ ಬೇಕಿತ್ತೋ ಬೇಡವಾಗಿತ್ತೋ ಎಂದು ತೀರ್ಪು ಕೊಡಲು ನಾನು ಡಾಕ್ಟರಲ್ಲ. ಆದರೆ ಆ ಹುಡುಗಿಯ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ನಾನು. ಉತ್ತರ ನನ್ನ ಬಳಿ ಇರಲಿಲ್ಲ. ಎರಡು ಮಕ್ಕಳನ್ನು ಹೆತ್ತ ನನಗೆ ನನ್ನ ದೇಹದೊಳಗೆ ನಡೆದದ್ದೇನು ಎಂಬುದೇ ಗೊತ್ತಿರಲಿಲ್ಲ. ಆಮೇಲೆ ಓದಿದೆ, ತಿಳಿದವರನ್ನು ಕೇಳಿದೆ. ಓದಿದಷ್ಟೂ ಸಿಟ್ಟು ಏರಿತು.

ಮೊದಲನೆಯದಾಗಿ, ಅದು ಬಾಯಿಯೇ ಅಲ್ಲ, ಕೊರಳು. ಗರ್ಭಕೊರಳು ಎಂಬ ಒಳ್ಳೆಯ ಕನ್ನಡ ಶಬ್ದವೇ ಇದೆ. ಗರ್ಭಕೋಶವನ್ನು ಬೋರಲು ಹಾಕಿದ ತಂಬಿಗೆ ಎಂದುಕೊಳ್ಳಿ. ಹೊಟ್ಟೆ ಮೇಲೆ, ಕೊರಳು ಕೆಳಗೆ. ಹೊಟ್ಟೆಯ ಭಾಗವೆಲ್ಲ ಗಟ್ಟಿ ಸ್ನಾಯು, ಕೊರಳಿನ ಭಾಗ ಹೆಚ್ಚಾಗಿ ನಾರು. ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಆ ಕೊರಳು ಒಂಬತ್ತು ತಿಂಗಳು ಬಿಗಿಯಾಗಿ ಮುಚ್ಚಿಕೊಂಡು, ನಡುವೆ ಲೋಳೆಯ ಬಿರಡೆ ಹಾಕಿಕೊಂಡು, ಕೂಸಿನ ಭಾರವನ್ನೆಲ್ಲ ತಡೆದಿರುತ್ತದೆ. ನಿಮ್ಮ ಮೂಗಿನ ತುದಿ ಮುಟ್ಟಿ ನೋಡಿಕೊಳ್ಳಿ, ಅಷ್ಟು ಗಟ್ಟಿ. ದಿನ ತುಂಬುತ್ತ ಬಂದಂತೆ ನಾರಿನ ಹೆಣಿಗೆ ಸಡಿಲವಾಗಿ, ನೀರಿನಂಶ ಹೆಚ್ಚಾಗಿ, ಅದು ಮೆತ್ತಗಾಗುತ್ತದೆ. ಈಗ ತುಟಿ ಮುಟ್ಟಿ ನೋಡಿ, ಅಷ್ಟು ಮೃದು. ವೈದ್ಯರು ಇದನ್ನು ಮಾಗುವುದು ಎನ್ನುತ್ತಾರೆ. ಕೆಂಪು ಬಾಳೆಯ ಊರಿನವಳಾದ ನನಗೆ ಆ ಶಬ್ದ ಚೆನ್ನಾಗಿ ಹಿಡಿಸಿತು. ಉಳಿದ ಬಾಳೆ ಗೊನೆ ಕೊಟ್ಟು ಮುಗಿಸಿದರೂ ಕೆಂಪು ಬಾಳೆ ತನ್ನ ಹೊತ್ತು ತನಗೇ ಇಟ್ಟುಕೊಂಡು ನಿಂತಿರುತ್ತದೆ. ಹಾಗೆಂದು ತೋಟದವನು ಗಿಡಕ್ಕೆ ಕೊರತೆ ಎನ್ನುತ್ತಾನೆಯೇ?

ಕೊರಳು ಮೆತ್ತಗಾದ ಮೇಲೆ ಬ್ಯಾನಿ. ಪ್ರತಿ ಬ್ಯಾನಿಗೂ ಮೇಲಿನ ಸ್ನಾಯು ಕುಗ್ಗಿ ಕೊರಳನ್ನು ತನ್ನತ್ತ ಮೇಲಕ್ಕೆ ಎಳೆದುಕೊಳ್ಳುತ್ತದೆ. ಬ್ಯಾನಿ ಇಳಿದರೂ ಆ ಸ್ನಾಯು ಮೊದಲಿನಷ್ಟು ಉದ್ದಕ್ಕೆ ಮರಳುವುದಿಲ್ಲ, ಪ್ರತಿ ಸಲ ಒಂದಿಷ್ಟು ಗಿಡ್ಡವಾಗಿಯೇ ನಿಲ್ಲುತ್ತದೆ. ಹೀಗೆ ಎಳೆದೆಳೆದು ಕೊರಳಿನ ಉದ್ದ ಕಡಿಮೆಯಾಗುತ್ತ, ಗೋಡೆ ತೆಳುವಾಗುತ್ತ, ಕೊನೆಗೆ ಕೊರಳೆಂಬುದೇ ಇಲ್ಲದೆ ತೆಳ್ಳನೆಯ ಅಂಚು ಮಾತ್ರ ಉಳಿಯುತ್ತದೆ. ಆಮೇಲೆ ಅಂಚು ಹಿಗ್ಗುತ್ತ ಹತ್ತು ಸೆಂಟಿಮೀಟರ್ ಆಗಬೇಕು. ಚೊಚ್ಚಲ ಹೆರಿಗೆಯಲ್ಲಿ ಸಾಮಾನ್ಯವಾಗಿ ಮೊದಲು ತೆಳುವಾಗಿ ಆಮೇಲೆ ತೆರೆಯುತ್ತದೆ. ಎರಡನೆಯ, ಮೂರನೆಯ ಸಲಕ್ಕೆ ಎರಡೂ ಕೂಡಿಯೇ ನಡೆಯುತ್ತವೆ. ಅದಕ್ಕೇ ಅವು ಬೇಗ.

ರೊಟ್ಟಿ ಬಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದುತ್ತೇವೆ. ನಾದುವಾಗ ರೊಟ್ಟಿ ಒಂದು ಬೆರಳಷ್ಟೂ ಅಗಲವಾಗುವುದಿಲ್ಲ, ಮುದ್ದೆ ಮುದ್ದೆಯಾಗಿಯೇ ಇರುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ನಿಂತವನು “ರೊಟ್ಟಿ ಇನ್ನೂ ಆಗಿಲ್ಲ, ಕೆಲಸ ನಡೆದಿಲ್ಲ” ಎಂದರೆ ಅವನ ಕೈಗೆ ಹಿಟ್ಟು ಕೊಟ್ಟು ನೋಡಿ! ನಾದದೆ ಬಡಿದರೆ ಅಂಚು ಬಿರಿಯುತ್ತದೆ. ನಾದಿದ ಹಿಟ್ಟು ಕೈ ತಾಗಿದರೆ ಸಾಕು, ಹರಡುತ್ತ ಹೋಗುತ್ತದೆ. ಹೆರಿಗೆಯ ಮೊದಲ ಹಂತ ಈ ನಾದುವ ಹೊತ್ತು. ಹೊರಗಿನ ಅಳತೆಗೆ ಅದು ಸಿಕ್ಕುವುದಿಲ್ಲ. ಹೆಂಗಸರ ಎಷ್ಟು ಕೆಲಸ ಹೊರಗಿನ ಅಳತೆಗೆ ಸಿಕ್ಕಿದೆ, ಹೇಳಿ?

ಡಾಕ್ಟರರಿಗೆ ಇದು ಗೊತ್ತಿಲ್ಲವೆಂದಲ್ಲ. 1964ರಲ್ಲಿಯೇ ಎಡ್ವರ್ಡ್ ಬಿಷಪ್ ಎಂಬ ಅಮೆರಿಕದ ವೈದ್ಯರು ಗರ್ಭಕೊರಳು ಹೆರಿಗೆಗೆ ಎಷ್ಟು ಸಿದ್ಧವಾಗಿದೆ ಎಂದು ನೋಡಲು ಅಂಕ ಕೊಡುವ ಪದ್ಧತಿ ಮಾಡಿದರು. ಅದರಲ್ಲಿ ನೋಡುವುದು ಐದು: ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಎಷ್ಟು ಮೆತ್ತಗಿದೆ, ಹಿಂದಕ್ಕೆ ತಿರುಗಿದೆಯೋ ಮುಂದಕ್ಕೋ, ಕೂಸಿನ ತಲೆ ಎಷ್ಟು ಕೆಳಗಿಳಿದಿದೆ. ಐದು ವಿಷಯದ ಮಾರ್ಕ್ಸ್‌ಕಾರ್ಡಿನಲ್ಲಿ ನಾಲ್ಕನ್ನು ಮುಚ್ಚಿ ಒಂದನ್ನೇ ಓದಿ ‘ಫೇಲು’ ಎಂದು ಕೂಗುವ ಮಾಸ್ತರನನ್ನು ನಾವು ಸುಮ್ಮನೆ ಬಿಡುತ್ತೇವೆಯೇ? ಹೆರಿಗೆ ಕೋಣೆಯ ಬಾಗಿಲಲ್ಲಿ ನಡೆಯುವುದು ಅದೇ. ಅದೂ ಬೆರಳಿನ ಅಂದಾಜಿನ ಮೇಲೆ. ಇಬ್ಬರು ನೋಡಿದರೆ ಒಂದು ಸೆಂಟಿಮೀಟರ್ ಹೆಚ್ಚು ಕಡಿಮೆ ಬರುವುದು ಸಹಜ.

ಗಡಿಯಾರದ ಕತೆಯೂ ಕೇಳುವಂಥದ್ದೇ. 1955ರಲ್ಲಿ ನ್ಯೂಯಾರ್ಕಿನ ಇಮ್ಯಾನ್ಯುಯೆಲ್ ಫ್ರೀಡ್‌ಮನ್ ಎಂಬ ವೈದ್ಯರು 500 ಚೊಚ್ಚಲ ಹೆರಿಗೆಗಳನ್ನು ಗೆರೆ ಎಳೆದು ತೋರಿಸಿದರು. ಮೊದಲು ಬಹಳ ಹೊತ್ತು ಗೆರೆ ನೆಲ ಹಿಡಿದೇ ಸಾಗುತ್ತದೆ, ಆಮೇಲೆ ಒಮ್ಮೆಲೇ ಏರುತ್ತದೆ. ನೆಲ ಹಿಡಿದ ಆ ಹೊತ್ತು ಚೊಚ್ಚಲಿಗೆ ಇಪ್ಪತ್ತು ಗಂಟೆಯವರೆಗೂ ಇರಬಹುದೆಂದು ಅವರೇ ಹೇಳಿದರು. 1972ರಲ್ಲಿ ಫಿಲ್‌ಪಾಟ್ ಮತ್ತು ಕ್ಯಾಸಲ್ ಎಂಬಿಬ್ಬರು ಆಗಿನ ರೊಡೇಷಿಯಾದಲ್ಲಿ, ಅಂದರೆ ಈಗಿನ ಜಿಂಬಾಬ್ವೆಯಲ್ಲಿ, ಆ ಗೆರೆಗೆ ಗಂಟೆಗೆ ಒಂದು ಸೆಂಟಿಮೀಟರಿನ ಎಚ್ಚರಿಕೆಯ ಗೆರೆ ಸೇರಿಸಿದರು. ಯಾಕೆ ಗೊತ್ತೇ? ದೂರದ ಹಳ್ಳಿಯ ದವಾಖಾನೆಯ ದಾದಿಗೆ ಯಾವ ಹೆಂಗಸನ್ನು ಪಟ್ಟಣಕ್ಕೆ ಕಳಿಸಬೇಕು ಎಂಬುದು ಹೊತ್ತಿಗೆ ಸರಿಯಾಗಿ ತಿಳಿಯಲಿ ಎಂದು. ನಿಜವಾಗಿ ಕೈಹಾಕಬೇಕಾದ ಎರಡನೆಯ ಗೆರೆಯನ್ನು ಅವರು ನಾಲ್ಕು ಗಂಟೆ ಆಚೆಗಿಟ್ಟರು. ಕಮಲಾಪುರದಂಥ ಊರಿನ ಹೆಂಗಸು ಉಳಿಯಲಿ ಎಂದು ಎಳೆದ ಗೆರೆಯದು. ಅದು ಪಟ್ಟಣಕ್ಕೆ ಬಂದು, ಹೊತ್ತು ಮೀರಿದವಳನ್ನು ಅಪರಾಧಿ ಮಾಡುವ ಗೆರೆಯಾಯಿತು. ಎಂಥ ವಿಪರ್ಯಾಸ!

ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆಯೇ 2018ರಲ್ಲಿ ಇದನ್ನು ತಿದ್ದಿತು. ಐದು ಸೆಂಟಿಮೀಟರ್ ಆದ ಮೇಲೆಯೇ ಹೆರಿಗೆಯ ಚುರುಕು ಹಂತ ಎಂದು ಲೆಕ್ಕ ಹಿಡಿಯಿರಿ, ಅದಕ್ಕೆ ಮೊದಲಿನ ಹಂತಕ್ಕೆ ಇಷ್ಟೇ ಹೊತ್ತು ಎಂಬ ನಿಯಮವಿಲ್ಲ, ಒಬ್ಬೊಬ್ಬಳಿಗೆ ಒಂದೊಂದು ಥರ ಎಂದಿತು. ಗಂಟೆಗೊಂದು ಸೆಂಟಿಮೀಟರ್ ಎಂಬ ಲೆಕ್ಕ ಎಲ್ಲರಿಗೂ ಒಪ್ಪುವುದಿಲ್ಲ, ತಾಯಿ-ಕೂಸು ಚೆನ್ನಾಗಿದ್ದರೆ ಐದಕ್ಕೆ ಮೊದಲು ಔಷಧಿ ಕೊಟ್ಟು ಬ್ಯಾನಿ ಚುರುಕು ಮಾಡುವುದು ಬೇಡ ಎಂದೂ ಹೇಳಿತು. ನನ್ನ ತಮ್ಮನ ಮಗಳಿಗೆ ಸಲೈನು ಏರಿಸಿದ್ದು 2019ರಲ್ಲಿ, ಎರಡು ಸೆಂಟಿಮೀಟರಿಗೆ.

ಇನ್ನು ಲೆಕ್ಕ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆಪರೇಷನ್ ಹೆರಿಗೆ 2015-16ರಲ್ಲಿ ನೂರಕ್ಕೆ 23.6 ಇದ್ದದ್ದು 2019-21ರಲ್ಲಿ 31.5 ಆಯಿತು. ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47.4. ಇವೆಲ್ಲವೂ ಅವಸರದಿಂದಲೇ ಆದವು ಎಂದು ನಾನು ಹೇಳುವುದಿಲ್ಲ. ಕಾರಣ ಹತ್ತಾರು ಇರುತ್ತವೆ. ಆದರೆ ಐದು ವರ್ಷದಲ್ಲಿ ಕರ್ನಾಟಕದ ಹೆಂಗಸರ ಗರ್ಭಕೊರಳು ಅಷ್ಟೊಂದು ಬದಲಾಯಿತೇ? ಕೊರಳು ಬದಲಾಗಲಿಲ್ಲ. ಕಾಯುವವರ ತಾಳ್ಮೆ ಬದಲಾಯಿತು.

ಇಲ್ಲಿ ಯಾರಾದರೂ “ಅದಕ್ಕೇ ಹಿಂದಿನ ಕಾಲವೇ ಚಂದ, ಸೂಲಗಿತ್ತಿಯೇ ಮೇಲು” ಎಂದು ತಲೆದೂಗಿದರೆ, ದಯವಿಟ್ಟು ನಿಲ್ಲಿಸಿ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾನೂ ಹಿಗ್ಗಿದವಳೇ. ಅಂಥ ಕೈ ಸಾವಿರಕ್ಕೊಂದು. ಆದರೆ ನನ್ನ ಚಿಕ್ಕವ್ವ ಕಮಲಾಪುರದ ಮನೆಯ ನಡುಕೋಣೆಯಲ್ಲಿ ಎರಡು ದಿನ ಬ್ಯಾನಿ ತಿಂದು, ಗಾಡಿ ಸಿಕ್ಕು, ಗುಲ್ಬರ್ಗ ಮುಟ್ಟುವ ಮೊದಲೇ ತೀರಿಕೊಂಡದ್ದು ನನಗೆ ಒಂಬತ್ತು ವರ್ಷವಿದ್ದಾಗ. ಅವಳಿಗೆ ಆಪರೇಷನ್ ಸಿಕ್ಕಿದ್ದರೆ ಇಂದು ನನ್ನ ಪಕ್ಕದಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದಳು. ಹಳ್ಳಿಯಲ್ಲಿಯೂ ಅವಸರಕ್ಕೇನು ಕಡಿಮೆಯಿತ್ತೇ? ಕೊರಳು ಪೂರ್ತಿ ತೆರೆಯುವ ಮೊದಲೇ “ಮುಕ್ಕು, ಮುಕ್ಕು” ಎನ್ನುವುದು, ಹೊಟ್ಟೆ ಒತ್ತುವುದು. ಹಾಗೆ ಮುಕ್ಕಿದರೆ ಕೊರಳು ಬಾತುಕೊಂಡು ಇನ್ನಷ್ಟು ತಡವಾಗುತ್ತದೆ, ಹರಿಯಲೂಬಹುದು. ಆಮೇಲೆ ಸೈಕಲ್ ಏರಿ ಚೀಲ ಹಿಡಿದು ಬರುವ ಡಾಕ್ಟರನ ಬ್ಯಾನಿಯ ಸೂಜಿ ಬಂತು. ಮನೆಯಲ್ಲೇ ಅಳತೆಯಿಲ್ಲದೆ ಚುಚ್ಚಿದ ಆ ಸೂಜಿಯಿಂದ ಗರ್ಭಕೋಶವೇ ಹರಿದು ಹೋಗಬಹುದು, ಕೂಸಿಗೆ ಉಸಿರು ಸಾಲದೆ ಹೋಗಬಹುದು. ಆದ್ದರಿಂದ ನನ್ನ ಜಗಳ ದವಾಖಾನೆಯ ಮೇಲಲ್ಲ, ಆಪರೇಷನ್ನಿನ ಮೇಲೂ ಅಲ್ಲ. ಅವಸರದ ಮೇಲೆ ಮತ್ತು ಅಜ್ಞಾನದ ಮೇಲೆ. ಅವೆರಡೂ ಒಂದೇ ಹೊಟ್ಟೆಯ ಮಕ್ಕಳು.

ಕಾಯುವುದೆಂದರೆ ಕಣ್ಣು ಮುಚ್ಚಿ ಕೂರುವುದಲ್ಲ. ಲೋಳೆಯ ಜೊತೆ ಒಂದು ಗೆರೆ ರಕ್ತ ಕಂಡರೆ ಅದು ಬಿರಡೆ ಕಳಚಿದ ಗುರುತು, ಹೆದರಬೇಕಿಲ್ಲ. ರಕ್ತ ಹರಿದರೆ ಮಾತ್ರ ಒಂದು ಕ್ಷಣವೂ ನಿಲ್ಲಬಾರದು. ನೀರು ಒಡೆದರೆ, ಅದರಲ್ಲೂ ಹಸಿರು ಬಣ್ಣವಿದ್ದರೆ, ಕೂಸಿನ ಮಿಸುಕಾಟ ಕಡಿಮೆಯಾದರೆ, ಜ್ವರ ಬಂದರೆ, ತಲೆ ಸಿಡಿದು ಕಣ್ಣು ಮಂಜಾದರೆ, ದಿನ ತುಂಬುವ ಮೊದಲೇ ಬ್ಯಾನಿ ಬಂದರೆ, ಕೂಸು ಅಡ್ಡ ಇದ್ದರೆ, ಹಿಂದೆ ಹೊಟ್ಟೆ ಕೊಯ್ದಿದ್ದರೆ, ತಕ್ಷಣ ದವಾಖಾನೆಗೆ. ಇವು ಯಾವುವೂ ಇಲ್ಲದೆ, ಕೂಸಿನ ಎದೆಬಡಿತ ಸರಿಯಿದ್ದು, ಬ್ಯಾನಿ ಬಂದು ಹೋಗುತ್ತಿದ್ದರೆ ಅದು ನಾದುವ ಹೊತ್ತು. ಆಗ ಬೇಕಾದದ್ದು ಸೂಜಿಯಲ್ಲ. ಅಂಬಲಿ, ನೀರು, ನಾಲ್ಕು ಹೆಜ್ಜೆ ನಡಿಗೆ, ಒಂದು ನಿದ್ದೆ, ಬೆನ್ನು ತಿಕ್ಕುವ ಒಂದು ಕೈ.

ಇದು ಬರೀ ಪುಸ್ತಕದ ಮಾತಲ್ಲ. 2023ರ ಶ್ರಾವಣದಲ್ಲಿ ತವರಿಗೆ ಹೋದಾಗ ನಮ್ಮ ಪಕ್ಕದ ಮನೆಯ ಹುಡುಗಿಗೆ ಬ್ಯಾನಿ ಬಂತು. ಕಮಲಾಪುರದ ಸರಕಾರಿ ದವಾಖಾನೆಗೆ ಅವಳ ಜೊತೆ ನಾನೂ ಹೋದೆ. ನಡುವಯಸ್ಸಿನ ಸಿಸ್ಟರು ಪರೀಕ್ಷೆ ಮಾಡಿ ಹೊರಬಂದರು. ನಾನು ಉಸಿರು ಹಿಡಿದು ನಿಂತೆ, ಈಗ ಆ ಮೂರು ಶಬ್ದ ಬರುತ್ತವೆ ಎಂದು. ಅವರು ಅಂದದ್ದೇ ಬೇರೆ: “ಕೊಳ್ಳು ಅರ್ಧ ತೆಳ್ಳಗಾಗ್ಯಾದ್ರಿ ಅಕ್ಕೋರೆ. ಛಲೋ ಮಾಡ್ಲಿಕತ್ಯಾಳ ಹುಡುಗಿ. ಕೂಸಿನ ಎದಿ ಬಡಿತ ಛಂದ ಅದ. ಇನ್ನಾ ಟೈಮ್ ಅದ, ತಿರುಗ್ಯಾಡ್ಲಿ, ಉಣ್ಲಿ, ಮಲಗ್ಲಿ.” ಎರಡು ಸೆಂಟಿಮೀಟರೇ! ಅದೇ ಅಳತೆ. ಆದರೆ ಹುಡುಗಿಯ ಮುಖ ನೋಡಬೇಕಿತ್ತು. ಪರೀಕ್ಷೆ ಪಾಸಾದವಳಂತೆ ಎದ್ದು ಕೂತಳು. ಅವ್ವನ ತೋಳು ಹಿಡಿದು ವರಾಂಡದ ತುದಿಯಿಂದ ತುದಿಗೆ ನಡೆದಳು. ರಾತ್ರಿ ಮೂರು ತಾಸು ನಿದ್ದೆಯನ್ನೂ ಮಾಡಿದಳು. ಮೊದಲ ಬ್ಯಾನಿಯಿಂದ ಇಪ್ಪತ್ತಾರು ಗಂಟೆಗೆ ಗಂಡು ಕೂಸು ಹುಟ್ಟಿತು. ಎಲ್ಲರಿಗೂ ಹೀಗೇ ಆಗುತ್ತದೆ ಎನ್ನಲಾರೆ. ಆದರೆ ಅಂದು ಆಪರೇಷನ್ ಆಗಿದ್ದರೂ ಆ ಹುಡುಗಿ “ನನ್ನಾಗ ಕೊರತಿ ಅದೇನು” ಎಂದು ಕೇಳುತ್ತಿರಲಿಲ್ಲ. ಒಂದು ಮಾತಿನ ಅಂತರ ಅಷ್ಟು.

ಹಾಗಾದರೆ ಇದನ್ನೆಲ್ಲ ನಮಗೆ ಯಾರು ಹೇಳಬೇಕಿತ್ತು? ಬೆರಳು ತಿರುಗಿ ನನ್ನ ಕಡೆಗೇ ಬರುತ್ತದೆ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠವಿದೆ. ಗರ್ಭಕೋಶದಿಂದ ಯೋನಿಗೆ ಹೋಗುವ ದಾರಿ ಎಂದು ಗರ್ಭಕೊರಳಿನ ಹೆಸರು ಬರುತ್ತದೆ. ಗರ್ಭಕೋಶದ ಸ್ನಾಯು ಕುಗ್ಗಿ ಕೂಸು ಹುಟ್ಟುತ್ತದೆ ಎಂದೂ ಇದೆ. ಆ ನಡುವೆ ಕೊರಳು ಮಾಡುವ ಕೆಲಸದ ಬಗ್ಗೆ ಮಾತಿಲ್ಲ. ಇದ್ದಷ್ಟನ್ನಾದರೂ ಕಲಿಸುತ್ತೇವೆಯೇ? ನಮ್ಮ ಶಾಲೆಯ ವಿಜ್ಞಾನದ ಸರ್ ಆ ಪಾಠ ಬಂದಾಗ “ಇದನ್ನ ಮನ್ಯಾಗ ಓದಿಕೊಳ್ರಿ” ಎಂದು ಮುಂದಿನ ಪಾಠಕ್ಕೆ ಜಿಗಿದರು. ಹುಡುಗಿಯರು ನನ್ನ ಬಳಿ ಬಂದರು. ನಾನೇನು ಮಾಡಿದೆ? “ನನ್ನ ವಿಷಯ ಕನ್ನಡ” ಎಂದು ಕಳಿಸಿದೆ. ಕನ್ನಡವಂತೆ! ಡಾ. ಅನುಪಮಾ ನಿರಂಜನ ಅವರು ಬದುಕಿದ್ದಷ್ಟು ಕಾಲ ಹೆಣ್ಣಿನ ದೇಹದ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆದದ್ದು ಯಾವ ಭಾಷೆಯಲ್ಲಿ? ನನ್ನ ಮೊದಲ ಬಸಿರಿನಲ್ಲಿ ಅವರ ‘ತಾಯಿ-ಮಗು’ ಪುಸ್ತಕವನ್ನು ದಿಂಬಿನ ಕೆಳಗಿಟ್ಟುಕೊಂಡು ಓದಿದವಳು ನಾನು, ಮುಂದಿನವರಿಗೆ ದಾಟಿಸದೆ ಬಾಯಿ ಮುಚ್ಚಿಕೊಂಡೆ. ಬಾಯಿ ತೆರೆಯದವರು ಯಾರು, ಈಗ ಹೇಳಿ.

ನಾಚಿಕೆ ಬಿಟ್ಟು ಈಗ ಒಂದು ರೂಢಿ ಮಾಡಿಕೊಂಡಿದ್ದೇನೆ. ಬಳಗದಲ್ಲಿ ಕುಬಸಕ್ಕೆ ಕರೆದರೆ ಹೋಗುತ್ತೇನೆ. ಉಡಿ ತುಂಬಿ, ಬಳೆ ತೊಡಿಸಿ, ಆರತಿ ಆದ ಮೇಲೆ ಹತ್ತು ನಿಮಿಷ ಹುಡುಗಿಯನ್ನೂ ಅವಳ ಅವ್ವನನ್ನೂ, ಸಾಧ್ಯವಾದರೆ ಅತ್ತೆಯನ್ನೂ ಕೂಡಿಸಿಕೊಂಡು ತಂಬಿಗೆ, ರೊಟ್ಟಿ ಹಿಟ್ಟಿನ ಕತೆ ಹೇಳುತ್ತೇನೆ. ಕೆಲವರು ಮುಸಿಮುಸಿ ನಗುತ್ತಾರೆ. ಒಬ್ಬ ಹಿರಿಯರು “ಅಕ್ಕೋರಿಗೆ ಯಾಕ ಬೇಕಿದು” ಎಂದು ಎದ್ದೇ ಹೋದರು. ಹೋಗಲಿ. ಹೆರುವವರು ಅವರಲ್ಲವಲ್ಲ.

ಸೋದರಿಯರೇ, ಹೆರಿಗೆ ಕೋಣೆಯಲ್ಲಿ ತಾಯಿಯ ಜೊತೆ ಅವಳ ಕಡೆಯ ಒಬ್ಬ ಹೆಂಗಸು ಇರಲು ಸರಕಾರಿ ಆಸ್ಪತ್ರೆಗಳಲ್ಲಿ ಅವಕಾಶ ಕೊಡಬೇಕೆಂದು ಕೇಂದ್ರ ಸರಕಾರ 2016ರಲ್ಲಿಯೇ ಹೇಳಿದೆ. ಆ ಹೆಂಗಸು ನೀವಾದರೆ, ದಯವಿಟ್ಟು ನನ್ನ ಹಾಗೆ “ಏನರ ಮಾಡ್ರಿ” ಎಂದು ಕೈಮುಗಿಯಬೇಡಿ. ಬಾಗಿಲು ಸರಿದು “ಬಾಯಿ ಇನ್ನೂ ತೆರೆದಿಲ್ಲ” ಎಂಬ ಮಾತು ಬಂದರೆ ಎದ್ದು ನಿಂತು, ಮರ್ಯಾದೆಯಿಂದ, ಆದರೆ ಒಳಗಿನ ಹುಡುಗಿಗೂ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿ: “ಕೂಸಿನ ಎದೆಬಡಿತ ಹ್ಯಾಂಗದ್ರಿ ಸಿಸ್ಟರ್? ಕೊರಳು ಎಷ್ಟು ತೆಳ್ಳಗಾಗ್ಯಾದ?”